ನಿಮ್ಮ ಸೈಜು ಬರಲ್ಲ ಮೇಡಂ

ಹಾಸನದ ಕಸ್ತೂರಬಾ ರಸ್ತೆಯಲ್ಲಿ ನಾನು ಮೂವತ್ತು ವರ್ಷಗಳಿಂದ ಒಂದೇ ವಾಕ್ಯವನ್ನು ಕೇಳುತ್ತ ಬಂದಿದ್ದೇನೆ. ಅಂಗಡಿಗಳು ಬದಲಾದವು. ಗಲ್ಲಾದ ಮೇಲೆ ಅಪ್ಪ ಕೂರುತ್ತಿದ್ದ ಜಾಗಕ್ಕೆ ಮಗ ಬಂದ. ಹಳೆಯ ಪೇಪರಿನ ಪೊಟ್ಟಣ ಹೋಗಿ ಕಪ್ಪು ಪ್ಲಾಸ್ಟಿಕ್ ಕವರು ಬಂತು, ಅದೂ ಹೋಗಿ ಈಗ ಅಂಗಡಿಯ ಹೆಸರಿರುವ ಕೈಚೀಲ ಬಂದಿದೆ. ವಾಕ್ಯ ಮಾತ್ರ ಹಾಗೇ ಇದೆ. "ನಿಮ್ಮ ಸೈಜು ಬರಲ್ಲ ಮೇಡಂ."

ಈ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು, ಗಮನಿಸದೆ ಇರಲಾರೆ. ಅಂಗಡಿಯವನು "ನಾನು ತರಿಸಿಲ್ಲ" ಎನ್ನುವುದಿಲ್ಲ. "ಕಂಪನಿಯವರು ಮಾಡಿಲ್ಲ" ಎಂದೂ ಎನ್ನುವುದಿಲ್ಲ. "ಬರಲ್ಲ" ಎನ್ನುತ್ತಾನೆ, ಈ ಸಲ ಮುಂಗಾರು ಬರಲ್ಲ ಎನ್ನುವ ಹಾಗೆ. ಮಾಡುವವರು, ತರಿಸುವವರು, ಮಾರುವವರು ಯಾರೂ ಆ ವಾಕ್ಯದಲ್ಲಿ ಇಲ್ಲ. ಇರುವವರು ಇಬ್ಬರೇ: "ನಿಮ್ಮ" ಎಂಬ ನಾನು, ಮತ್ತೆ "ಮೇಡಂ" ಎಂಬ ಇನ್ನೊಬ್ಬ ನಾನು. ತಪ್ಪೆಲ್ಲ ನಮ್ಮಿಬ್ಬರ ತಲೆಗೆ!

ಐವತ್ತು ದಾಟಿದವಳು, ಮಕ್ಕಳಿಗೆ ಬುದ್ಧಿ ಹೇಳುವವಳು, ಇದೇನು ವಿಷಯ ಎತ್ತಿಕೊಂಡಳಪ್ಪ ಎಂದು ಮೂಗಿನ ಮೇಲೆ ಬೆರಳಿಡುವವರು ಧಾರಾಳವಾಗಿ ಇಡಲಿ. ನಾನು ಬರೆಯುತ್ತಿರುವುದು ಬ್ರಾದ ವಿಷಯ. ನಮ್ಮಮ್ಮ ಅದನ್ನು 'ಬಾಡಿ' ಎನ್ನುತ್ತಿದ್ದಳು. ನನ್ನ ಓರಗೆಯವರು ಅಂಗಡಿಯಲ್ಲಿ 'ಇನ್ನರ್' ಎನ್ನುತ್ತೇವೆ, ಸ್ಟಾಫ್ ರೂಮಿನಲ್ಲಿ 'ಅದು' ಎನ್ನುತ್ತೇವೆ. ಹೆಸರನ್ನೇ ಬಾಯಿಬಿಟ್ಟು ಹೇಳದವರು ಅಳತೆಯನ್ನು ಹೇಳುವುದುಂಟೆ? ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ. ಅಂಗಡಿಯ ಮುಂದೆ ಎರಡು ಸಲ ಓಡಾಡಿ, ಒಳಗೆ ಗಂಡಸು ಗಿರಾಕಿಗಳು ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತಬೇಕು. ಒಂದು ಸಲ ಹಾಗೆ ಹತ್ತಿದಾಗ ಕೌಂಟರಿನ ಹಿಂದಿನಿಂದ, "ನಮಸ್ತೆ ಮಿಸ್!" ಎಂಬ ದನಿ ಕೇಳಿಸಿತು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಸಂಧಿ ಸಮಾಸಗಳಲ್ಲಿ ಸದಾ ತಪ್ಪುತ್ತಿದ್ದ ಹುಡುಗ ಈಗ ಅಂಗಡಿಯ ಯಜಮಾನ. "ಏನ್ ಕೊಡ್ಲಿ ಮಿಸ್?" ಎಂದ. "ಎರಡು ಕರ್ಚೀಫು ಕೊಡಪ್ಪ" ಎಂದೆ. ಹಾಗೆ ಕೊಂಡ ಕರ್ಚೀಫುಗಳೇ ನಮ್ಮ ಮನೆಯಲ್ಲಿ ಒಂದು ಡಜನ್ ಇರಬೇಕು.

ನನ್ನ ಅಳತೆ ನನಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಬಿ.ಎ., ಬಿ.ಎಡ್. ಓದಿದವಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕತ್ತು ಮತ್ತು ಹೆಗಲ ನೋವಿಗೆಂದು ಡಾಕ್ಟರ ಹತ್ತಿರ ಹೋಗಿದ್ದೆ. ಬೋರ್ಡಿನ ಮೇಲೆ ಬರೆದು ಬರೆದು ಹೀಗಾಗಿದೆ ಎಂದು ಮಾತ್ರೆ ಬರೆದುಕೊಟ್ಟರು. ಆಮೇಲೆ ವ್ಯಾಯಾಮ ಹೇಳಿಕೊಡಲು ಕೂತ ಫಿಸಿಯೋಥೆರಪಿಯ ಹುಡುಗಿ ಸೆರಗು ಸರಿಸಿ ನನ್ನ ಹೆಗಲು ನೋಡಿದಳು. ಎರಡೂ ಹೆಗಲ ಮೇಲೆ, ನೊಗ ಹೊತ್ತ ಎತ್ತಿಗಿರುವ ಹಾಗೆ, ಎರಡು ಗುಳಿಗಳು. "ಎಷ್ಟು ಸೈಜು ಹಾಕ್ತೀರಾ ಆಂಟಿ?" ಎಂದಳು. "ನಲವತ್ತು." "ನಲವತ್ತು, ಆಮೇಲೆ ಏನು?" ನಲವತ್ತರ ಆಮೇಲೆ ಏನೋ ಒಂದು ಇದೆ ಎಂಬುದೇ ನನಗೆ ತಿಳಿದಿರಲಿಲ್ಲ.

ಅವಳು ಟೇಪು ತಂದು ಎದೆಯ ಕೆಳಗೆ ಸುತ್ತಿ ಅಳೆದಳು, 34 ಇಂಚು. ಎದೆಯ ತುಂಬಿದ ಭಾಗದಲ್ಲಿ ಅಳೆದಳು, 39. ಮೊದಲನೆಯದು ಪಟ್ಟಿಯ ಅಳತೆ. ಎರಡಕ್ಕೂ ಇರುವ ವ್ಯತ್ಯಾಸ ಕಪ್ಪಿನ ಅಳತೆ. ಒಂದು ಇಂಚು ಹೆಚ್ಚಿದ್ದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ, ಐದಾದರೆ ಡಿಡಿ. ನನ್ನದು 34 ಡಿಡಿ. ಅಂಗಡಿಯಲ್ಲಿ ಇಷ್ಟು ವರ್ಷ ನನ್ನ ಕೈಗಿಡುತ್ತಿದ್ದದ್ದು 40 ಬಿ. ಇದು ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೋಸ ಇರುವುದೇ ಈ ಲೆಕ್ಕದಲ್ಲಿ. ಪಟ್ಟಿ ಎರಡು ಇಂಚು ಹೆಚ್ಚಿಸಿ ಅಕ್ಷರವನ್ನು ಒಂದು ಮೆಟ್ಟಿಲು ಇಳಿಸಿದರೆ ಕಪ್ಪಿನೊಳಗಿನ ಜಾಗ ಅಷ್ಟೇ ಉಳಿಯುತ್ತದೆ. 34 ಡಿಡಿ, 36 ಡಿ, 38 ಸಿ, 40 ಬಿ, ಈ ನಾಲ್ಕರ ಕಪ್ಪೂ ಒಂದೇ. ಆದ್ದರಿಂದ ತನ್ನ ಹತ್ತಿರ ಇರುವ ಬಿ ಅಕ್ಷರದಲ್ಲಿ ತುಂಬುವ ತನಕ ಅಂಗಡಿಯವನು ಪಟ್ಟಿಯನ್ನು ಉದ್ದ ಮಾಡುತ್ತ ಹೋಗುತ್ತಾನೆ. ಹಾಕಿದರೆ ಮುಂದೆ ಸರಿಯಾದ ಹಾಗೇ ಕಾಣುತ್ತದೆ. ಆದರೆ ಭಾರ ಹೊರಬೇಕಾದದ್ದು ಎದೆಯ ಸುತ್ತಲಿನ ಪಟ್ಟಿಯೇ ಹೊರತು ಹೆಗಲ ಪಟ್ಟಿಗಳಲ್ಲ. ಆರು ಇಂಚು ಸಡಿಲವಾದ ಪಟ್ಟಿ ಬೆನ್ನ ಮೇಲೆ ಏರುತ್ತದೆ, ಭಾರವೆಲ್ಲ ಹೆಗಲಿಗೆ ಬೀಳುತ್ತದೆ, ನಾವು ಹೆಗಲ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುತ್ತೇವೆ, ಗುಳಿ ಬೀಳುತ್ತದೆ. ಇಷ್ಟಾದ ಮೇಲೂ ನಮ್ಮ ಬಾಯಲ್ಲಿ ಬರುವ ಮಾತು ಯಾವುದು? "ನನ್ನ ಮೈಯೇ ಸರಿಯಿಲ್ಲ ಕಣೇ."

ಡಿ ಎಂದ ಕೂಡಲೆ ಮುಖ ಕೆಂಪಗೆ ಮಾಡಿಕೊಳ್ಳುವವರಿದ್ದಾರೆ. ಅದೇನು ಬೈಗುಳವೇ? ಅಮೆರಿಕದ ವಾರ್ನರ್ ಕಂಪನಿ 1930ರ ದಶಕದಲ್ಲಿ ಕಪ್ಪುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿತು, ನಾವು ಎಂಟನೇ ತರಗತಿಯನ್ನು ಎ ಸೆಕ್ಷನ್, ಬಿ ಸೆಕ್ಷನ್ ಎಂದು ವಿಂಗಡಿಸುವಂತೆಯೇ. ಈ ವಾರ್ನರ್‌ನವರಿಗೆ ತನ್ನ ಪೇಟೆಂಟನ್ನು ಮಾರಿದವಳು ಮೇರಿ ಫೆಲ್ಪ್ಸ್ ಜೇಕಬ್ ಎಂಬ ಹೆಂಗಸು. ಎರಡು ರೇಷ್ಮೆ ಕರ್ಚೀಫುಗಳನ್ನು ರಿಬ್ಬನ್ನಿನಿಂದ ಜೋಡಿಸಿ ಆಕೆ ಮೊದಲ ಮಾದರಿ ಮಾಡಿದಳು, 1914ರಲ್ಲಿ ಪೇಟೆಂಟ್ ಪಡೆದಳು, 1,500 ಡಾಲರಿಗೆ ಮಾರಿದಳು. ನಾನು ಬ್ರಾ ಕೇಳಲು ಹೋಗಿ ಕರ್ಚೀಫು ತರುತ್ತಿದ್ದೆ. ಆಕೆ ಕರ್ಚೀಫಿನಿಂದಲೇ ಬ್ರಾ ಮಾಡಿದಳು. ಬುದ್ಧಿ ಎಂದರೆ ಅದು!

ಅಂಗಡಿಯವರ ಕಷ್ಟವನ್ನು ನಾನು ಕೇಳದೆ ಇಲ್ಲ. ಒಬ್ಬರು ಹಿರಿಯರು ನನಗೆ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. 28ರಿಂದ 44ರವರೆಗೆ ಒಂಬತ್ತು ಪಟ್ಟಿ. ಎಯಿಂದ ಎಫ್‌ವರೆಗೆ, ಡಿಡಿ ಮತ್ತು ಇ ಒಂದೇ ಎಂದು ಹಿಡಿದರೂ, ಆರು ಕಪ್. ಅಲ್ಲಿಗೆ 54. ಬಿಳಿ, ಕಪ್ಪು, ಮೈಬಣ್ಣ ಎಂದು ಮೂರು ಬಣ್ಣ ಇಟ್ಟರೆ 162 ಡಬ್ಬ. "ಇಷ್ಟು ಮಾಲು ಹಾಕ್ಕೊಂಡು ಕೂತ್ರೆ ಬಡ್ಡಿ ಯಾರು ಕಟ್ತಾರೆ ತಾಯಿ?" ಎಂದರು. ನ್ಯಾಯವಾದ ಮಾತು, ಒಪ್ಪಿದೆ. ಅಂಗಡಿ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಒಪ್ಪಿಗೆಯನ್ನು ವಾಪಸು ತೆಗೆದುಕೊಂಡೆ. ಯಾಕೆಂದರೆ ಪಕ್ಕದಲ್ಲೇ ಬಳೆ ಅಂಗಡಿಯಿತ್ತು.

ಬಳೆಯ ಅಳತೆ ನಿಮಗೆಲ್ಲ ಗೊತ್ತಿದೆ. ಎರಡು-ಎರಡು, ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು. ಎರಡು-ನಾಲ್ಕು ಎಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು. ಅಂದರೆ ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಬರೀ ಅರ್ಧಪಾವು ಇಂಚಿನ ವ್ಯತ್ಯಾಸ. ಆ ಅರ್ಧಪಾವು ಇಂಚಿಗೋಸ್ಕರ ಬಳೆಯವರು ಪ್ರತಿಯೊಂದು ಬಣ್ಣದಲ್ಲೂ ಐದೈದು ಅಳತೆ ಇಟ್ಟಿರುತ್ತಾರೆ. ಹಸಿರಿನಲ್ಲೇ ಎಷ್ಟು ಹಸಿರು! ಸೂರಿನ ತನಕ ಡಬ್ಬಗಳು. ಅವರಿಗೆ ಬಡ್ಡಿ ಬೀಳುವುದಿಲ್ಲವೇ? ಕೈ ಹಿಡಿದು ಒತ್ತಿ ನೋಡಿಯೇ "ನಿಮ್ದು ಎರಡು-ಆರು ಕಣಮ್ಮ" ಎನ್ನುತ್ತಾರೆ, ನಮಗೂ ನಾಚಿಕೆಯಿಲ್ಲ. ಎರಡು-ಹತ್ತು ಹಿಡಿಸುವ ದಪ್ಪ ಕೈಯವರಿಗೆ "ನಿಮ್ಮ ಸೈಜು ಬರಲ್ಲ" ಎಂದು ಯಾವ ಬಳೆಗಾರನೂ ಹೇಳಿ ಕಳಿಸುವುದಿಲ್ಲ. ಬಳೆ ನಾಲ್ಕು ಜನರಿಗೆ ಕಾಣುವಂಥದು, ಮುತ್ತೈದೆತನದ್ದು. ಅದಕ್ಕೆ ಬಂಡವಾಳ ಹುಟ್ಟುತ್ತದೆ. ಹೆಗಲಲ್ಲಿ ಗುಳಿ ಬೀಳಿಸುವ ವಸ್ತು ಯಾರಿಗೂ ಕಾಣುವುದಿಲ್ಲ, ಅದಕ್ಕೆ ಎರಡೇ ಅಕ್ಷರ ಸಾಕು!

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಅರಿಸಿನ ಕುಂಕುಮಕ್ಕೆ ಕರೆದವರು ಮಡಿಲಿಗೆ ಇಡುವುದು ರವಿಕೆ ಕಣ. ಹೊಲಿದ ರವಿಕೆಯನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಒಬ್ಬಳ ಮೈಯಂತೆ ಇನ್ನೊಬ್ಬಳ ಮೈ ಇರುವುದಿಲ್ಲ ಎಂಬ ತಿಳಿವಳಿಕೆ ಆ ಮುಕ್ಕಾಲು ಮೀಟರು ಬಟ್ಟೆಯಲ್ಲಿದೆ. 1984ರಲ್ಲಿ ನಾನು ಅರಕಲಗೂಡಿನಲ್ಲಿ ಎಂಟನೇ ತರಗತಿಯಲ್ಲಿದ್ದಾಗ ನಮ್ಮಮ್ಮ ಹಳೆಯ ಬಾಡಿಯೊಂದನ್ನು ಹೊಲಿಗೆ ಬಿಚ್ಚಿ, ಪೇಪರಿನ ಮೇಲೆ ಇಟ್ಟು ಗೆರೆ ಎಳೆದು, ಕೋರಾ ಬಟ್ಟೆಯಲ್ಲಿ ನನಗೆ ಎರಡು ಹೊಲಿದುಕೊಟ್ಟಿದ್ದಳು. ನೋಡಲು ಅಂದವಿರಲಿಲ್ಲ, ತಲೆದಿಂಬಿನ ಕವರಿನಂತೆ ಇತ್ತು. ಆದರೆ ನನ್ನ ಅಳತೆಗೆ ಇತ್ತು. ಕಾಲೇಜಿಗೆ ಹೋದ ಮೇಲೆ ರೆಡಿಮೇಡ್ ಬೇಕೆಂದು ಹಠ ಮಾಡಿದವಳು ನಾನೇ. ಅಂದು ಕಳೆದುಕೊಂಡ ಅಳತೆ ಐವತ್ತೆರಡನೆಯ ವಯಸ್ಸಿನ ತನಕ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ನನ್ನ ಹೆಗಲಿನ ಕಥೆಯನ್ನು ನಾನು ಬರೆಯುತ್ತಿರಲಿಲ್ಲ. ಬರೆಯುವಂತೆ ಮಾಡಿದವಳು ಒಬ್ಬ ಹುಡುಗಿ. ಹೆಸರು ಬೇಡ.

ನಾನು ಕೆಲಸ ಮಾಡುವುದು ಹೊಳೆನರಸೀಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಈ ಹುಡುಗಿ ಎಂಟನೇ ತರಗತಿಗೆ ಬಂದಾಗ ಕಡ್ಡಿಯಂತಿದ್ದಳು. ಖೋಖೋ ಆಟದಲ್ಲಿ ಅವಳು ಕಂಬ ಸುತ್ತಿ ತಿರುಗಿದರೆ ಅವಳ ಜಡೆ ಅರೆಗಳಿಗೆ ತಡವಾಗಿ ಹಿಂದೆ ಬರುತ್ತಿತ್ತು. ತಾಲ್ಲೂಕು ಮಟ್ಟದಲ್ಲಿ ಗೆದ್ದುಬಂದರು. ಒಂಬತ್ತನೇ ತರಗತಿಯ ನಡುವೆ ಅವಳು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದಳು. ಒಂದು ದಿನ ಹೊಟ್ಟೆನೋವು, ಒಂದು ದಿನ ತಲೆನೋವು. ಪಿ.ಟಿ. ಮೇಷ್ಟ್ರು, "ದೊಡ್ಡೋಳಾದ್ಲಲ್ಲ ಮೇಡಂ, ಇನ್ನೆಲ್ಲಿ ಆಟ" ಎಂದರು. ನಾನು ಕ್ಲಾಸ್ ಟೀಚರು. ಅವಳ ಪ್ರಗತಿಪತ್ರದಲ್ಲಿ 'ಆಟೋಟಗಳಲ್ಲಿ ಆಸಕ್ತಿ ಕಡಿಮೆ' ಎಂದು ನನ್ನ ಕೈಯಾರೆ ಬರೆದೆ. ಆ ವರ್ಷ ಬೇಲೂರಿಗೆ ಪ್ರವಾಸ ಹೋದಾಗ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, 42 ಮದನಿಕೆಯರು ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಹುಡುಗರು ತಲೆಯೆತ್ತಿ ನೋಡಿ ಮುಸಿಮುಸಿ ನಗುತ್ತಿದ್ದರು. ದರ್ಪಣ ಸುಂದರಿಯ ಕೆಳಗೆ ಈ ಹುಡುಗಿ ಸ್ಕೂಲ್ ಬ್ಯಾಗನ್ನು ಬೆನ್ನಿಗೆ ಹಾಕದೆ ಎದೆಗೆ ಅವಚಿಕೊಂಡು, ಬೆನ್ನು ಬಗ್ಗಿಸಿ ನಿಂತಿದ್ದಳು. ನೋಡಿದ್ದೆ. ನೋಡಿಯೂ ಏನೂ ತೋಚಲಿಲ್ಲ. ಕಲ್ಲಿನ ಹೆಂಗಸರ ಮೈಯನ್ನು ಹೊಗಳಲು ನನಗೆ ಪದಗಳಿದ್ದವು, ಎದುರಿಗಿದ್ದ ಹುಡುಗಿಯ ಮೈಯ ವಿಷಯ ಮಾತಾಡಲು ಒಂದೂ ಇರಲಿಲ್ಲ.

ನನ್ನ ಅಳತೆ ನನಗೆ ಗೊತ್ತಾದ ಮೇಲೆ ಅವಳ ಬೆನ್ನು ನನ್ನ ಕಣ್ಣಿಗೆ ಬಿತ್ತು. ಆಗ ಅವಳು ಹತ್ತನೇ ತರಗತಿ. ಲೈಬ್ರರಿಗೆ ಕರೆದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಓಡಿದ್ರೆ ಮೇಲಕ್ ಬಂದ್‌ಬಿಡುತ್ತೆ ಮಿಸ್. ಎರಡ್ ಹಾಕ್ಕಂಡಿದೀನಿ, ಒಂದ್ರ ಮೇಲೊಂದು. ಆದ್ರೂ ಹುಡುಗ್ರು ನಗ್ತಾರೆ" ಎಂದಳು. ಎರಡು ಬ್ರಾ, ಅದರ ಮೇಲೆ ಶಿಮ್ಮೀಸು, ಅದರ ಮೇಲೆ ಯೂನಿಫಾರಂ ಚೂಡಿದಾರ, ಅದರ ಮೇಲೆ ನಾಲ್ಕು ಪಿನ್ನು ಚುಚ್ಚಿದ ದುಪಟ್ಟಾ. ಮರುದಿನ ಅವಳ ತಾಯಿಯನ್ನು ಕರೆಸಿದೆ. ಕೂಲಿಗೆ ಹೋಗುವ ಹೆಂಗಸು, ಒಂದು ಹೊತ್ತಿನ ಕೆಲಸ ಬಿಟ್ಟು ಬಂದಿದ್ದಳು. "ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿದ್ವು ಮೇಡಮ್ಮೋರೆ, ಸಂತೇಲಿ ತಂದ್ಕೊಟ್ಟಿದೀನಿ" ಎಂದಳು. ಅವಳ ಎದುರಿಗೇ ಟೇಪು ಹಿಡಿದೆ. ಕೆಳಗೆ 28, ಮೇಲೆ 32. ಅಂದರೆ 28 ಡಿ. ಡಿ ಎಂದರೆ ದಪ್ಪ ಹೆಂಗಸರದು ಎಂದುಕೊಂಡವರು ಈ ಕಡ್ಡಿಯಂಥ ಹುಡುಗಿಯನ್ನು ನೋಡಬೇಕಿತ್ತು. ಸಂತೆಯಲ್ಲಿ ಸಿಕ್ಕಿದ್ದು 32 ಬಿ. ಕಪ್ ಸರಿ, ಪಟ್ಟಿ ನಾಲ್ಕು ಇಂಚು ಸಡಿಲ. ಓಡಿದರೆ ಮೇಲೇರದೆ ಇನ್ನೇನು?

ಆ ಶನಿವಾರ ಶಾಲೆ ಮುಗಿಸಿ ಹಾಸನದಲ್ಲಿ ಏಳು ಅಂಗಡಿ ಹತ್ತಿ ಇಳಿದೆ. ಪಟ್ಟಿ ಶುರುವಾಗುವುದೇ 30ರಿಂದ, ಹೆಚ್ಚಿನ ಕಡೆ 32ರಿಂದ. 28 ಎಂದರೆ, "ಮಕ್ಕಳದ್ದಾ ಮೇಡಂ?" ಎಂದು ಕಪ್ಪೇ ಇಲ್ಲದ ಬನಿಯನ್ ತುಂಡನ್ನು ತೋರಿಸುತ್ತಾರೆ. ಡಿ ಎಂದರೆ 38, 40 ತೋರಿಸುತ್ತಾರೆ. 28 ಮತ್ತು ಡಿ ಒಂದೇ ಮೈಯಲ್ಲಿ ಇರಬಹುದೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ರೆಡಿಮೇಡ್ ಬಟ್ಟೆಗಳ ಅಳತೆಪಟ್ಟಿಗಳು ಹೊರದೇಶಗಳ ಪಟ್ಟಿಯಿಂದ ಬಂದವು. ನಮ್ಮವರ ಅಳತೆಯನ್ನೇ ತೆಗೆಯಬೇಕೆಂದು ನಿಫ್ಟ್ ಸಂಸ್ಥೆ 25 ಸಾವಿರ ಜನರನ್ನು ಅಳೆಯುವ 'ಇಂಡಿಯಾ ಸೈಜ್' ಎಂಬ ಯೋಜನೆ ಹಾಕಿಕೊಂಡದ್ದು ಈ ಹತ್ತು ವರ್ಷಗಳ ಈಚೆಗೆ. ನಾವು ಬೇರೆಯವರ ಪಟ್ಟಿಯೊಳಗೆ ತೂರಿಕೊಂಡು, ತೂರದಿದ್ದರೆ ನಮ್ಮನ್ನೇ ಬೈದುಕೊಂಡು, ಒಂದು ಜೀವಮಾನ ಕಳೆದಿದ್ದೇವೆ.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 11ರಿಂದ 18 ವರ್ಷದ 2,089 ಶಾಲಾ ಹುಡುಗಿಯರನ್ನು ಕೇಳಿ 2016ರಲ್ಲಿ ಒಂದು ವರದಿ ಪ್ರಕಟಿಸಿದರು. ನೂರಕ್ಕೆ 46 ಹುಡುಗಿಯರು ತಮ್ಮ ಎದೆಯ ದೆಸೆಯಿಂದ ಆಟಕ್ಕೆ ಅಡ್ಡಿಯಾಗಿದೆ ಎಂದಿದ್ದರು. ಬೀದಿಗೊಂದು ಅಂಗಡಿಯಿರುವ, ಅಮ್ಮ ಮಗಳು ಜೊತೆಯಾಗಿ ಹೋಗಿ ಅಳೆಸಿಕೊಂಡು ಬರುವ ದೇಶದಲ್ಲಿ ಹೀಗೆ. ಓಡುವ ಹೆಂಗಸರಿಗೆಂದೇ ಬ್ರಾ ತಯಾರಾದದ್ದೂ ಬಹಳ ಹಿಂದೇನಲ್ಲ. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು, ಗಂಡಸು ಆಟಗಾರರು ಒಳಗೆ ಕಟ್ಟಿಕೊಳ್ಳುವ ಲಂಗೋಟಿಯಂಥದು ಎರಡನ್ನು ತಂದು ಒಂದಕ್ಕೊಂದು ಸೇರಿಸಿ ಹೊಲಿದು ಮೊದಲ ಮಾದರಿ ಮಾಡಿದರು. ಗಂಡಸರಿಗೆ ಅಂಥದೊಂದು ಬೇಕೆಂದು ಅದೆಷ್ಟೋ ಕಾಲದ ಹಿಂದೆಯೇ ಯಾರಿಗೋ ಹೊಳೆದಿತ್ತು ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇನ್ನೊಂದು ಅಳತೆಯ ಮಾತು. 2015-16ರಿಂದ ಸರ್ಕಾರ ನಮ್ಮ ಮಕ್ಕಳಿಗೆ ಶೂ, ಸಾಕ್ಸ್ ಕೊಡುತ್ತಿದೆ. ಒಳ್ಳೆಯ ಕೆಲಸ, ಬರಿಗಾಲಲ್ಲಿ ಬರುತ್ತಿದ್ದ ಮಕ್ಕಳನ್ನು ಕಂಡವಳು ನಾನು. ಪ್ರತಿ ಮಗುವಿನ ಪಾದದ ಅಳತೆ ತೆಗೆದು, ಪಟ್ಟಿ ಮಾಡಿ, ಶೂ ಕೊಂಡು ತರಬೇಕು. ಆ ಹುಡುಗಿಯ ಶೂ ಸೈಜು ಐದು ಎಂದು ನನ್ನದೇ ಅಕ್ಷರದಲ್ಲಿ ಶಾಲೆಯ ಕಡತದಲ್ಲಿದೆ. ಓಡಲು ಬೇಕಾದ ಎರಡು ವಸ್ತುಗಳಲ್ಲಿ ಒಂದರ ಅಳತೆ ಕಡತದಲ್ಲಿದೆ, ಇನ್ನೊಂದು ಆಸಕ್ತಿಯಿಲ್ಲ ಎಂದು ಪ್ರಗತಿಪತ್ರದಲ್ಲಿದೆ. ಸರ್ಕಾರ ಬ್ರಾ ಹಂಚಲಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಟೆಂಡರು ಕರೆದು ಎಲ್ಲರಿಗೂ 34 ಬಿ ಕೊಟ್ಟಾರು! ನಮ್ಮಂಥ ಟೀಚರುಗಳು ಬಾಯಿ ಬಿಡಬೇಕಿತ್ತು ಎನ್ನುತ್ತಿದ್ದೇನೆ. 'ಶುಚಿ' ಯೋಜನೆಯಲ್ಲಿ ಶಾಲೆಗೆ ಪ್ಯಾಡು ಬರಲು ಶುರುವಾದಾಗ ಪೆಟ್ಟಿಗೆಯನ್ನು ಎಲ್ಲಿ ಬಚ್ಚಿಡುವುದೆಂದು ನಾವು ಟೀಚರುಗಳೇ ಒದ್ದಾಡಿದ್ದೆವು. ಈಗ ಹುಡುಗಿಯರು ಸೀಮೆಸುಣ್ಣ ಕೇಳಿದಷ್ಟು ಸರಾಗವಾಗಿ ಬಂದು ಕೇಳುತ್ತಾರೆ. ಆ ಮಾತು ಬಾಯಿಗೆ ಬಂದ ಮೇಲೆ ಈ ಮಾತಿಗೇನು ದಾಡಿ?

ನನ್ನ ಸಹೋದ್ಯೋಗಿಯೊಬ್ಬರಿದ್ದರು, ಈಗ ನಿವೃತ್ತರು. ಕ್ಯಾನ್ಸರ್ ಆಗಿ ಒಂದು ಕಡೆಯ ಎದೆ ತೆಗೆದಿದ್ದರು. ಬದುಕಿ ಬಂದರಲ್ಲ ಎಂದು ನಾವೆಲ್ಲ ಹಣ್ಣು ಹಂಪಲು ತೆಗೆದುಕೊಂಡು ಹೋಗಿ ನೋಡಿಬಂದೆವು. ಖಾಲಿಯಾದ ಕಡೆಗೆ ಏನು ಇಟ್ಟುಕೊಳ್ಳುವುದು ಎಂದು ಯಾರೂ ಕೇಳಲಿಲ್ಲ. ಹತ್ತಿ ಇಟ್ಟುಕೊಂಡರೆ ಹಗುರ, ಬ್ರಾ ಒಂದು ಕಡೆಗೆ ಎಳೆಯುತ್ತದೆ. ಅದಕ್ಕೆ ಅವರು ಬಟ್ಟೆಯ ಸಣ್ಣ ಚೀಲ ಹೊಲಿದು ಅದರಲ್ಲಿ ಸಾಸಿವೆ ತುಂಬಿಸಿ, ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ, ಎದೆಗಿಟ್ಟುಕೊಂಡು ಆರು ವರ್ಷ ಪಾಠ ಮಾಡಿದರು. ಬೆವರಿದಾಗ ಸಾಸಿವೆಯ ಘಾಟು ಬರುತ್ತಿತ್ತಂತೆ. ಒಳಗೆ ಜೇಬಿರುವ ಬ್ರಾ ಇದೆ, ತೂಕಕ್ಕೆ ತಕ್ಕ ಸಿಲಿಕೋನ್ ತುಂಡು ಸಿಗುತ್ತದೆ ಎಂದು ಅವರಿಗೆ ಗೊತ್ತಾದದ್ದು ನಿವೃತ್ತಿಯ ಹೊತ್ತಿಗೆ. ಇಷ್ಟು ಸಾಲದೆಂಬಂತೆ, ಬಿಗಿ ಬ್ರಾ ಹಾಕಿಯೇ ಅವರಿಗೆ ಕ್ಯಾನ್ಸರ್ ಬಂತೆಂದು ಅವರ ಬೆನ್ನ ಹಿಂದೆ ಆಡಿಕೊಂಡವರಿದ್ದರು. ಮೊಬೈಲಿನಲ್ಲಿ ಇಂದಿಗೂ ಅಂಥ ಸಂದೇಶಗಳು ಬರುತ್ತವೆ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮುಟ್ಟು ನಿಂತ ಹೆಂಗಸರನ್ನು ಇದೇ ಪ್ರಶ್ನೆ ಹಿಡಿದು ಪರಿಶೀಲಿಸಿ, ಬ್ರಾ ಹಾಕುವುದಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದು 2014ರಲ್ಲಿ ಪ್ರಕಟಿಸಿದ್ದಾರೆ. ಸುಳ್ಳಾದರೆ ಕ್ಷಣದಲ್ಲಿ ಎಲ್ಲರಿಗೂ ತಲುಪುತ್ತದೆ, ಜೇಬಿರುವ ಬ್ರಾ ಎಲ್ಲಿ ಸಿಗುತ್ತದೆಂಬ ಸುದ್ದಿ ತಲುಪಲು ಆರು ವರ್ಷ ಬೇಕು.

ಬೆಳಿಗ್ಗೆ ನಾನು ಬಸ್ಸಿಗೆ ಕಾಯುವಾಗ ಗಾರ್ಮೆಂಟ್ಸ್ ವ್ಯಾನುಗಳು ಎದುರಿನಿಂದ ಹಾಸನಕ್ಕೆ ಬರುತ್ತವೆ, ಹಳ್ಳಿ ಹೆಣ್ಣುಮಕ್ಕಳನ್ನು ತುಂಬಿಕೊಂಡು. ಹಿಮ್ಮತ್‌ಸಿಂಗ್ಕಾದವರ ದೊಡ್ಡ ಕಾರ್ಖಾನೆಯಲ್ಲಿ ಹೊರದೇಶಗಳಿಗೆ ಹೋಗುವ ಹಾಸಿಗೆ ಬಟ್ಟೆ ತಯಾರಾಗುತ್ತದೆ. ಜಾಕಿ ಒಳಉಡುಪು ತಯಾರಿಸುವ ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್‌ಗೆ ಹಾಸನದಲ್ಲೂ ಘಟಕವಿದೆ. ನನ್ನ ಹುಡುಗಿಯ ಚಿಕ್ಕಮ್ಮನೇ ಒಂದು ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಎಲಾಸ್ಟಿಕ್ ಕೂರಿಸುತ್ತಾಳೆ. ಯಾರ್ಯಾರದೋ ಸೊಂಟದ ಅಳತೆ ಅವಳ ಬೆರಳಿಗೆ ಗೊತ್ತು. ಹೊಲಿಯಬಲ್ಲ ಕೈಗಳು ಇಲ್ಲೇ ಇರುವಾಗ 'ಬರಲ್ಲ' ಎಂಬ ಮಾತನ್ನು ನಾನು ಹೇಗೆ ನಂಬಲಿ?

ಈಗೆಲ್ಲ ಆನ್‌ಲೈನ್ ಇದೆಯಲ್ಲ ಎನ್ನುತ್ತೀರಿ. ಇದೆ. ರಿಚಾ ಕರ್ ಎಂಬಾಕೆ 2011ರಲ್ಲಿ ಬೆಂಗಳೂರಿನಲ್ಲಿ ಜಿವಾಮೆ ಶುರು ಮಾಡಿದ್ದು ಅಂಗಡಿಯ ಈ ಮುಜುಗರವನ್ನು ಕಂಡೇ. ಅದರಿಂದ ಎಷ್ಟೋ ಹೆಂಗಸರಿಗೆ ಉಪಕಾರವಾಗಿದೆ, ಸುಳ್ಳಲ್ಲ. ನನ್ನ ಹುಡುಗಿಗೂ ಕೊನೆಗೆ ಬೆಂಗಳೂರಿನಲ್ಲಿರುವ ನನ್ನ ಮಗಳು ಮೊಬೈಲಿನಲ್ಲೇ ಹುಡುಕಿ ತರಿಸಿಕೊಟ್ಟಳು. ಮೊದಲನೆಯದು ವಾಪಸು, ಎರಡನೆಯದು ವಾಪಸು, ಮೂರನೆಯದು ಸರಿಹೋಯಿತು. ಬೆಲೆ ಸಾವಿರ ದಾಟಿತು, ಅವಳ ತಾಯಿಯ ಮೂರು ದಿನದ ಕೂಲಿ. ದುಡ್ಡು ನಾನು ಕೊಟ್ಟೆ ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಅದೊಂದನ್ನೇ ರಾತ್ರಿ ಒಗೆದು ಬೆಳಿಗ್ಗೆ ಹಾಕಿಕೊಂಡು ಹುಡುಗಿ ಎರಡು ತಿಂಗಳು ಮೈದಾನಕ್ಕೆ ಬಂದಳು. ಅಷ್ಟರಲ್ಲಿ ತಾಲ್ಲೂಕು ಆಟಗಳು ಮುಗಿದಿದ್ದವು. ಒಂದು ವರ್ಷದ ಆಟ ಹೋಯಿತು, ಅದನ್ನು ತಿರುಗಿ ತಂದುಕೊಡಲು ನನ್ನಿಂದಾಗಲಿಲ್ಲ. ಕೈಗೆ ಸ್ಮಾರ್ಟ್‌ಫೋನು, ಎಟಿಎಂ ಕಾರ್ಡು, ಪಾರ್ಸೆಲ್ ಮುಟ್ಟುವ ವಿಳಾಸ ಇರುವವರು ಆನ್‌ಲೈನ್ ಎನ್ನಬಹುದು. ಉಳಿದವರಿಗೆ ಸಂತೆ, ಕಟ್ಟಿನಕೆರೆ ಮಾರುಕಟ್ಟೆ, ಕಸ್ತೂರಬಾ ರಸ್ತೆಯೇ ಗತಿ. ಮುಟ್ಟಿ ನೋಡಿ, ಹಾಕಿ ನೋಡಿ ಕೊಳ್ಳುವ ಭಾಗ್ಯ ಅಲ್ಲೇ ಸಿಗಬೇಕು.

ಆದ್ದರಿಂದ ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ಟೇಪು ಹಿಡಿದೆ. ಮೊದಲು ನಗು, ಆಮೇಲೆ ಬಾಗಿಲಿಗೆ ಚಿಲಕ, ಆಮೇಲೆ ಸಾಲು. ಬಿಸಿಯೂಟ ಮಾಡುವ ಇಬ್ಬರು, ಪಕ್ಕದ ಪ್ರೈಮರಿ ಶಾಲೆಯವರು, ನಮ್ಮ ಬೀದಿಯ ನಾಲ್ಕೈದು ಮಂದಿ, ತಾಯಂದಿರು ಕರೆತಂದ ಹುಡುಗಿಯರು, ಎಲ್ಲ ಸೇರಿ 23 ಅಳತೆಗಳಾದವು. ಹೆಸರು ಬರೆಯಲಿಲ್ಲ, ಅಂಕಿ ಮತ್ತು ಅಕ್ಷರ ಮಾತ್ರ. ಅಂಗಡಿಯಲ್ಲಿ ಸಿಗುವ ಸೈಜು ಸರಿಯಾಗಿ ಹೊಂದಿದ್ದು ಇಪ್ಪತ್ತಮೂರರಲ್ಲಿ ಆರು ಮಂದಿಗೆ. ಅಪರೂಪದ ಸೈಜು ಯಾರದು ಈಗ ಹೇಳಿ!

ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ನನ್ನ ಹಳೆಯ ವಿದ್ಯಾರ್ಥಿಯ ಅಂಗಡಿಗೆ ಹೋದೆ. ಸಂಜೆ ಆರು ಗಂಟೆ, ಗಂಡಸು ಗಿರಾಕಿಗಳು ಇಬ್ಬರಿದ್ದರು. ಇರಲಿ ಎಂದು ಹತ್ತಿದೆ. "ನಮಸ್ತೆ ಮಿಸ್, ಕರ್ಚೀಫಾ?" ಎಂದ. ನಾನು 34 ಡಿಡಿ ಎಂದೆ. ಅವನು ಎಡಗಡೆ ನೋಡಿದ, ಬಲಗಡೆ ನೋಡಿದ, ಮೆಲ್ಲನೆ, "ಅದು ಬರಲ್ಲ ಮಿಸ್" ಎಂದ.

"ಬರಲ್ಲ ಅನ್ನಬೇಡ. ತರಿಸಿಲ್ಲ ಅನ್ನು. ಕರ್ತೃಪದ ಎಲ್ಲಿ?"

"ತರಿಸಿಲ್ಲ ಮಿಸ್. ನಾನು."

ಪಟ್ಟಿ ಕೊಟ್ಟೆ. ಪರೀಕ್ಷೆಯ ಫಲಿತಾಂಶ ನೋಡುವವನಂತೆ ಮೇಲಿಂದ ಕೆಳಗೆ ಓದಿದ. 28 ಡಿ ಹತ್ತಿರ ಬೆರಳು ನಿಂತಿತು. "ಇದು ಹಿಂಗೂ ಇರುತ್ತಾ ಮಿಸ್?" ಎಂದ. "ಇರುತ್ತೆ, ಖೋಖೋ ಆಡುತ್ತೆ" ಎಂದೆ. ಒಳಗಿದ್ದ ಹೆಂಡತಿಯನ್ನು ಕರೆದ. ಆ ಹುಡುಗಿ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಓದಿ, "ಇದರಲ್ಲಿ ನಂದೂ ಇದೆ" ಎಂದು 36 ಡಿಯನ್ನು ತೋರಿಸಿದಳು. ಗಂಡನಿಗೆ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಏಜೆಂಟಿಗೆ ಫೋನು ಹೋಯಿತು. ಒಂದೊಂದು ಸೈಜಿನಲ್ಲೂ ಕನಿಷ್ಠ ಆರಾರು ತೆಗೆದುಕೊಳ್ಳಬೇಕಂತೆ, ಮೂರು ವಾರ ಆಗುತ್ತದಂತೆ. ಎರಡು ಸಾವಿರ ಮುಂಗಡ ಕೊಟ್ಟು ರಸೀತಿ ಕೇಳಿದೆ. 'ಇತರೆ ಸಾಮಾನು' ಎಂದು ಬರೆದುಕೊಟ್ಟ. ಅದನ್ನು ಹೊಡೆದು ಹಾಕಿಸಿ, ವಸ್ತುವಿನ ಹೆಸರನ್ನೂ ಅಳತೆಯನ್ನೂ ಬರೆಯುವಂತೆ ಹೇಳಿದೆ. ಬರೆದ. ಆದರೆ ನನ್ನ ಹತ್ತಿರ ಮೂರು ವರ್ಷ ಕನ್ನಡ ಕಲಿತ ಹುಡುಗ ಗಾಬರಿಯಲ್ಲಿ ರ ಒತ್ತು ಬಿಟ್ಟುಬಿಟ್ಟಿದ್ದ. 'ಬಾ – 28 ಡಿ – 6' ಎಂದಿತ್ತು. ಅದೊಂದನ್ನು ಮಾತ್ರ ತಿದ್ದಿಸದೆ ಬಂದೆ.